ಚಪ್ಪಲಿಯ ಜೊತೆ ಕನ್ನಡವನ್ನೂ ಹೊರಗೆ ಬಿಡಬೇಕೆ?



ಹೋದ ಸಲ ದೇವಸ್ಥಾನದಲ್ಲಿ ಅರ್ಚನೆ ಮಾಡಿಸಿದ್ದನ್ನು ಒಮ್ಮೆ ನೆನಪು ಮಾಡಿಕೊಳ್ಳಿ. ಕೌಂಟರಿನಲ್ಲಿ ಚೀಟಿ ತೆಗೆಸಿದಿರಿ. ಹಣ್ಣುಕಾಯಿ ತಟ್ಟೆ ಒಳಗೆ ಹೋಯಿತು. ಅರ್ಚಕರು ಹೆಸರು, ನಕ್ಷತ್ರ, ಗೋತ್ರ ಕೇಳಿದರು. ಹೇಳಿದಿರಿ. ಅವರು ಒಂದು ನಿಮಿಷ ಏನೋ ಹೇಳಿದರು. ಅದರ ಮಧ್ಯೆ ನಿಮ್ಮ ಹೆಸರೊಂದು ಮಾತ್ರ ಕಿವಿಗೆ ಬಿತ್ತು. ಮಂಗಳಾರತಿ ಬಂತು, ಕಣ್ಣಿಗೊತ್ತಿಕೊಂಡಿರಿ. ತೀರ್ಥ ತೆಗೆದುಕೊಂಡಿರಿ. ಹೊರಗೆ ಬಂದು ಚಪ್ಪಲಿ ಹಾಕಿಕೊಂಡಿರಿ.

ಈಗ ಹೇಳಿ. ಆ ಒಂದು ನಿಮಿಷದಲ್ಲಿ ನಿಮ್ಮ ಹೆಸರಿನಲ್ಲಿ ದೇವರಿಗೆ ಏನು ಹೇಳಿದರು? ಏನು ಬೇಡಿದರು? ನೀವು ಏನು ಮಾಡುತ್ತೀರೆಂದು ದೇವರಿಗೆ ಮಾತು ಕೊಟ್ಟರು?

ಗೊತ್ತಿಲ್ಲ, ಅಲ್ಲವೇ? ನಿಮ್ಮ ಅಪ್ಪನಿಗೂ ಗೊತ್ತಿಲ್ಲ. ಪಕ್ಕದಲ್ಲಿ ಕೈಮುಗಿದು ನಿಂತಿದ್ದ ಇನ್ನೂರು ಜನಕ್ಕೂ ಗೊತ್ತಿಲ್ಲ. ನಮ್ಮ ನೆಲದಲ್ಲಿ, ನಮ್ಮ ಊರಿನ ದೇವರ ಎದುರಿಗೆ, ನಮ್ಮದೇ ಹೆಸರಿನಲ್ಲಿ ಆಡಿದ ಮಾತು ನಮಗೇ ತಿಳಿಯುವುದಿಲ್ಲ!

ನಾನು ಪಂಡಿತನಲ್ಲ. ಓದಿದ್ದು ಪಿಯುಸಿ. ಹೊಟ್ಟೆಪಾಡಿಗೆ ಪ್ರೆಸ್ಸು ಇಟ್ಟುಕೊಂಡಿದ್ದೇನೆ. ಲಗ್ನಪತ್ರಿಕೆ, ಗೃಹಪ್ರವೇಶದ ಕಾರ್ಡು, ದೇವಸ್ಥಾನದ ರಸೀದಿ ಪುಸ್ತಕ, ಜಾತ್ರೆಯ ಕರಪತ್ರ, ವ್ರತಕಥೆಯ ಪುಸ್ತಕ ಇವೇ ನನ್ನ ಅನ್ನ. ನಮ್ಮ ಕಸುಬಿನಲ್ಲಿ ಒಂದು ಕಟ್ಟುನಿಟ್ಟಿದೆ. ಗಿರಾಕಿ ಪ್ರೂಫ್ ಓದಿ ಸಹಿ ಹಾಕುವವರೆಗೆ ಮಷಿನ್ನಿಗೆ ಹಾಳೆ ಹಾಕುವುದಿಲ್ಲ. ಐವತ್ತು ವಿಸಿಟಿಂಗ್ ಕಾರ್ಡ್ ಹಾಕಿಸುವವನೂ ಹೆಸರಿನಲ್ಲಿ ಒತ್ತಕ್ಷರ ಸರಿ ಇದೆಯೇ ಎಂದು ಎರಡು ಸಲ ನೋಡುತ್ತಾನೆ. ದೇವರ ಮುಂದೆ ಮಾತ್ರ ನಾವೆಲ್ಲ ಪ್ರೂಫ್ ಓದದೆ ಸಹಿ ಹಾಕುತ್ತಾ ಬಂದಿದ್ದೇವೆ. ಈ ಲೇಖನ ಅದರ ಬಗ್ಗೆ.

ಸಂಕಲ್ಪ ಎಂದರೆ ನಿಮ್ಮ ವಿಳಾಸ

ಪೂಜೆಗೆ ಮೊದಲು ಸಂಕಲ್ಪ ಮಾಡಿಸುತ್ತಾರೆ. ಮನೆಯ ಸತ್ಯನಾರಾಯಣ ಪೂಜೆಯಲ್ಲಿ ನಿಮ್ಮ ಕೈಗೆ ಅಕ್ಷತೆ ಕೊಟ್ಟು, ನೀರು ಬಿಡಿಸಿ, 'ನಾನು ಹೇಳಿದ ಹಾಗೆ ಹೇಳಿ' ಎನ್ನುತ್ತಾರಲ್ಲ, ಅದು. ನೀವು ಅರ್ಧ ಶಬ್ದ ನುಂಗಿ, ಇನ್ನರ್ಧ ಗೊಣಗುತ್ತೀರಿ. ಅದು ಕಠಿಣವಾದ ಮಂತ್ರ, ನಮಗೆ ನಿಲುಕದ್ದು ಎಂದು ನಿಮ್ಮ ಭಾವನೆ.

ನಿಲುಕದ್ದು ಏನೂ ಇಲ್ಲ ಸ್ವಾಮಿ! ಅದರಲ್ಲಿರುವುದು ಇಷ್ಟು: ಇದು ಕಲಿಯುಗ. ಇದು ಭರತಖಂಡ. ನಾವಿರುವುದು ಗೋದಾವರಿಯ ದಕ್ಷಿಣಕ್ಕೆ. ಇದು ಶಾಲಿವಾಹನ ಶಕೆಯ ಇಂಥ ಸಂವತ್ಸರ. ಇಂಥ ಅಯನ, ಇಂಥ ಋತು, ಇಂಥ ಮಾಸ, ಇಂಥ ಪಕ್ಷ, ಇಂಥ ತಿಥಿ, ಇಂಥ ವಾರ. ಇಂಥ ಗೋತ್ರದ ಇಂಥ ಹೆಸರಿನ ನಾನು, ನನ್ನ ಮನೆಯವರ ಕ್ಷೇಮಕ್ಕಾಗಿ, ಈ ಪೂಜೆಯನ್ನು ಮಾಡುತ್ತೇನೆ.

ಅಂದರೆ ಏನು? ಕಾಲ, ಸ್ಥಳ, ಹೆಸರು, ಉದ್ದೇಶ. ತಾಲೂಕು ಕಚೇರಿಯ ಅರ್ಜಿಯ ಹಾಗೆ! ಮನುಷ್ಯ ದೇವರಿಗೆ ತನ್ನ ವಿಳಾಸ ಕೊಟ್ಟು, 'ಇದನ್ನು ಮಾಡುತ್ತೇನೆ' ಎಂದು ಮಾತು ಕೊಡುವುದು. ಎಷ್ಟು ಸೊಗಸಾದ ಕಲ್ಪನೆ ನೋಡಿ! ಈ ಅನಂತ ಕಾಲದಲ್ಲಿ, ಇಷ್ಟು ದೊಡ್ಡ ಭೂಮಿಯಲ್ಲಿ, ಈ ಮೂಲೆಯ ಬಡಾವಣೆಯ, ಈ ಮನೆಯ ನಾನು ನಿನ್ನ ಮುಂದೆ ನಿಂತಿದ್ದೇನೆ ಎಂದು ಹೇಳಿಕೊಳ್ಳುವುದು. ಅದು ತಿಳಿದರೆ ಮೈ ಜುಮ್ಮೆನ್ನುತ್ತದೆ. ತಿಳಿಯದಿದ್ದರೆ ಆಕಳಿಕೆ ಬರುತ್ತದೆ.

ಕೊಟ್ಟ ಮಾತು ಏನೆಂದು ಕೊಟ್ಟವನಿಗೇ ಗೊತ್ತಿಲ್ಲದಿದ್ದರೆ ಅದು ಮಾತೇ?

ಇನ್ನೊಂದು ವಿಷಯ ಹೇಳಲೇಬೇಕು. ಗೋತ್ರ ಕೇಳಿದಾಗ ನಿಮ್ಮಲ್ಲಿ ಎಷ್ಟು ಜನ ತಲೆ ತಗ್ಗಿಸಿದ್ದೀರಿ? ಒಕ್ಕಲಿನ ಮನೆಯ, ನೇಯ್ಗೆಯ ಮನೆಯ, ಕುಂಬಾರಿಕೆಯ ಮನೆಯ ಎಷ್ಟೋ ಹುಡುಗರಿಗೆ ಗೋತ್ರ ಗೊತ್ತಿರುವುದಿಲ್ಲ. ಅವರ ಮನೆಗಳಲ್ಲಿ ಕುಲದೇವರು ಗೊತ್ತು, ಬೆಡಗು ಗೊತ್ತು, ಊರು ಗೊತ್ತು, ತಾತನ ಹೆಸರು ಗೊತ್ತು. ಆದರೆ ಸಾಲಿನಲ್ಲಿ ಹಿಂದೆ ಜನ ಕಾಯುತ್ತಿರುತ್ತಾರೆ. 'ಗೊತ್ತಿಲ್ಲ' ಎಂದರೆ ಶಿವಗೋತ್ರವೋ ಕಾಶ್ಯಪ ಗೋತ್ರವೋ ಒಂದನ್ನು ಅವರೇ ಸೇರಿಸಿಬಿಡುತ್ತಾರೆ. ಆ ಹುಡುಗ ದೇವರ ಎದುರು ತನ್ನದಲ್ಲದ ವಿಳಾಸ ಕೊಟ್ಟು ಹೊರಗೆ ಬರುತ್ತಾನೆ. ಅದೇ ಸಂಕಲ್ಪ ಕನ್ನಡದಲ್ಲಿದ್ದರೆ? 'ಇಂಥ ಊರಿನ, ಇಂಥವರ ಮಗ, ಇಂಥವರ ಮೊಮ್ಮಗ' ಎಂದರೆ ಸಾಕು. ದೇವರಿಗೆ ಆ ವಿಳಾಸ ಸಿಗುವುದಿಲ್ಲವೇ? ಪೋಸ್ಟ್‌ಮ್ಯಾನಿಗೆ ಸಿಗುವ ಮನೆ ದೇವರಿಗೆ ಸಿಗುವುದಿಲ್ಲವೇ?

ಪೂಜೆ ಎಂದರೆ ಮನೆಗೆ ಬಂದವರ ಸತ್ಕಾರ

ಸಂಕಲ್ಪ ಆದ ಮೇಲೆ ಪೂಜೆ. ಷೋಡಶೋಪಚಾರ ಎಂಬ ಶಬ್ದ ಕೇಳಿದ್ದೀರಿ. ಹದಿನಾರು ಉಪಚಾರ. ಪಟ್ಟಿಯಲ್ಲಿ ಸಂಪ್ರದಾಯದಿಂದ ಸಂಪ್ರದಾಯಕ್ಕೆ ಒಂದೆರಡು ಹೆಚ್ಚುಕಡಿಮೆ ಇರುತ್ತದೆ. ಆದರೆ ತಿರುಳು ಒಂದೇ. ಲೆಕ್ಕ ಹಾಕಿ ನೋಡಿ.

ಆವಾಹನ ಎಂದರೆ 'ಬನ್ನಿ'. ಆಸನ ಎಂದರೆ 'ಕುಳಿತುಕೊಳ್ಳಿ'. ಪಾದ್ಯ ಎಂದರೆ ಕಾಲು ತೊಳೆಯಲು ನೀರು. ಅರ್ಘ್ಯ ಎಂದರೆ ಕೈಗೆ ನೀರು. ಆಚಮನ ಎಂದರೆ ಬಾಯಿಗೆ ನೀರು. ಆಮೇಲೆ ಸ್ನಾನ, ಉಡಲು ಬಟ್ಟೆ, ಜನಿವಾರ, ಹಚ್ಚಿಕೊಳ್ಳಲು ಗಂಧ, ಮುಡಿಯಲು ಹೂ, ಘಮಕ್ಕೆ ಧೂಪ, ಬೆಳಕಿಗೆ ದೀಪ, ಊಟಕ್ಕೆ ನೈವೇದ್ಯ, ಊಟವಾದ ಮೇಲೆ ಎಲೆ ಅಡಿಕೆ. ಕೊನೆಗೆ ಒಂದು ಸುತ್ತು ಬಂದು ನಮಸ್ಕಾರ. ಹದಿನಾರು ಆಯಿತು.

ಇದು ಯಾವ ಮನೆಯ ಪದ್ಧತಿ? ನಿಮ್ಮ ಅಜ್ಜಿಯ ಮನೆಯದ್ದೇ! ಊರಿನಲ್ಲಿ ನೆಂಟರು ಬಂದರೆ ಮೊದಲು ಕಾಲಿಗೆ ನೀರು ಕೊಡುತ್ತಿದ್ದರು, ಚಾಪೆ ಹಾಸುತ್ತಿದ್ದರು, ಉಂಡ ಮೇಲೆ ಎಲೆ ಅಡಿಕೆ ತಟ್ಟೆ ಮುಂದಿಡುತ್ತಿದ್ದರು. ದೇವರನ್ನು ದೊಡ್ಡ ನೆಂಟನೆಂದು ತಿಳಿದು ಮಾಡುವ ಸತ್ಕಾರವೇ ಪೂಜೆ. ಗಣಪತಿಯನ್ನು ನೀರಿಗೆ ಬಿಡುವಾಗ ಹೇಳುವ ಮಂತ್ರದ ಅರ್ಥವೂ 'ಮತ್ತೆ ಬರುವುದಕ್ಕಾಗಿ' ಎಂದು. ಕನ್ನಡದ ಮನೆಯಲ್ಲಿ ಯಾರನ್ನಾದರೂ 'ಹೋಗಿ' ಎಂದು ಕಳಿಸುತ್ತೇವೆಯೇ? 'ಹೋಗಿ ಬನ್ನಿ' ಎನ್ನುತ್ತೇವೆ. ಅದೇ ಇದು.

ಮನೆಗೆ ಬಂದ ನೆಂಟರನ್ನು ನಮಗೇ ಅರ್ಥವಾಗದ ಭಾಷೆಯಲ್ಲಿ ಮಾತಾಡಿಸುತ್ತೇವೆಯೇ? ಅದೂ ಇನ್ನೊಬ್ಬರ ಬಾಯಿಂದ?

ದೊಡ್ಡವರೇ ಕನ್ನಡವನ್ನು ಆರಿಸಿಕೊಂಡರು

'ದೇವರಿಗೆ ಕನ್ನಡ ಸಲ್ಲದು' ಎಂದು ಯಾರಾದರೂ ಹೇಳಿದರೆ, ಅವರಿಗೆ ಈ ನಾಡಿನ ಚರಿತ್ರೆ ಗೊತ್ತಿಲ್ಲವೆಂದು ಅರ್ಥ.

12ನೇ ಶತಮಾನದ ಶರಣರನ್ನು ನೋಡಿ. ಬಟ್ಟೆ ಮಡಿ ಮಾಡುವ ಮಾಚಯ್ಯ, ದೋಣಿ ನಡೆಸುವ ಚೌಡಯ್ಯ, ಹಗ್ಗ ಹೊಸೆಯುವ ಚಂದಯ್ಯ, ಅಕ್ಕಿ ಆಯುವ ಲಕ್ಕಮ್ಮ. ಅಂಗೈಯಲ್ಲಿ ಲಿಂಗ ಹಿಡಿದು ತಮ್ಮ ಕಸುಬಿನ ಮಾತಿನಲ್ಲೇ ಶಿವನ ಜೊತೆ ಮಾತಾಡಿದರು. ಮಧ್ಯದಲ್ಲಿ ದುಭಾಷಿ ಬೇಕಾಗಲಿಲ್ಲ. ಆ ವಚನಗಳ ತಾಳೆಗರಿಗಳನ್ನು ಹುಡುಕಿ ಹುಡುಕಿ ಅಚ್ಚು ಹಾಕಿಸಿದವರು ಬಿಜಾಪುರದ ವಕೀಲರು ಫ.ಗು. ಹಳಕಟ್ಟಿ. 1923ರಲ್ಲಿ 'ವಚನಶಾಸ್ತ್ರಸಾರ' ಹೊರಬಂತು. 1925ರಲ್ಲಿ ಇದ್ದ ಮನೆ ಮಾರಿ 'ಹಿತಚಿಂತಕ' ಎಂಬ ಮುದ್ರಣಾಲಯ ತೆರೆದರು. ಪ್ರೆಸ್ಸಿನಿಂದ ಮನೆ ಕಟ್ಟಿಸಿದವರನ್ನು ನಾನು ಕಂಡಿದ್ದೇನೆ. ಮನೆ ಮಾರಿ ಪ್ರೆಸ್ಸು ಹಾಕಿದವರು ಹಳಕಟ್ಟಿಯವರು! ಅಚ್ಚಿನ ಕೆಲಸ ಮಾಡುವ ನಮ್ಮಂಥವರು ಪ್ರತಿದಿನ ಅಂಗಡಿ ಬಾಗಿಲು ತೆಗೆಯುವಾಗ ನೆನೆಯಬೇಕಾದ ಹೆಸರು ಅದು.

'ಅದು ಸಂಸ್ಕೃತ ಬೇಡವೆಂದವರ ದಾರಿ' ಎನ್ನುತ್ತೀರಾ? ಹಾಗಾದರೆ ಸಂಸ್ಕೃತದ ಸಿಂಹಗಳನ್ನೇ ಕೇಳೋಣ. ವ್ಯಾಸರಾಯರು ಸಂಸ್ಕೃತದಲ್ಲಿ 'ನ್ಯಾಯಾಮೃತ' ಬರೆದ ಮಹಾ ವಿದ್ವಾಂಸರು. ಕೃಷ್ಣನನ್ನು ಕರೆಯಬೇಕಾದಾಗ ಅವರೇ ಕನ್ನಡದಲ್ಲಿ ಹಾಡು ಕಟ್ಟಿದರು. ಸೋದೆಯ ವಾದಿರಾಜರೂ ಸಂಸ್ಕೃತದಲ್ಲಿ ದೊಡ್ಡ ಗ್ರಂಥ ಬರೆದವರೇ. ಆದರೆ ಹೆಂಗಸರು ಮದುವೆಯಲ್ಲಿ ಹಾಡಲಿ ಎಂದು 'ಲಕ್ಷ್ಮೀ ಶೋಭಾನೆ'ಯನ್ನು ಬರೆದದ್ದು ಕನ್ನಡದಲ್ಲಿ. ಪುರಂದರದಾಸರು, ಕನಕದಾಸರು, ವಿಜಯದಾಸರು, ಹೆಳವನಕಟ್ಟೆಯ ಗಿರಿಯಮ್ಮ ಎಲ್ಲರೂ ಕನ್ನಡದಲ್ಲೇ ದೇವರನ್ನು ಕರೆದರು, ಕಾಡಿದರು, ಬೈದರು, ಬೇಡಿದರು. ಶುಕ್ರವಾರ ಮನೆಮನೆಯಲ್ಲಿ ಹಾಡುವ ಪುರಂದರದಾಸರ ಲಕ್ಷ್ಮಿಯ ಹಾಡು ಏನು? ಲಕ್ಷ್ಮಿಯನ್ನು ಮನೆಗೆ ಕರೆಯುವ ಹಾಡು. ಅದೇ ಆವಾಹನೆ! ನಮ್ಮ ತಾಯಂದಿರು ಯಾವ ಅಪ್ಪಣೆಗೂ ಕಾಯದೆ ಕನ್ನಡದಲ್ಲಿ ಪೂಜೆ ಮಾಡುತ್ತಲೇ ಬಂದಿದ್ದಾರೆ.

ನವರಾತ್ರಿಯಲ್ಲಿ ಉತ್ತರ ಕರ್ನಾಟಕದ ಮನೆಗಳಲ್ಲಿ ಏನು ಓದುತ್ತಾರೆ? ಚಿದಾನಂದಾವಧೂತರ 'ಶ್ರೀದೇವಿ ಮಹಾತ್ಮೆ'. ಅದು ಕನ್ನಡ ಷಟ್ಪದಿ. ಮಲೆ ಮಹದೇಶ್ವರನ ಮಹಿಮೆಯನ್ನು ಕಂಸಾಳೆಯವರು ರಾತ್ರಿಯಿಡೀ ಹಾಡುವುದು ಕನ್ನಡದಲ್ಲಿ. ಹೂವಿನಹಡಗಲಿ ತಾಲೂಕಿನ ಮೈಲಾರದಲ್ಲಿ ಭರತ ಹುಣ್ಣಿಮೆಯ ಜಾತ್ರೆಗೆ ಲಕ್ಷಗಟ್ಟಲೆ ಜನ ಸೇರುತ್ತಾರೆ. ಗೊರವಯ್ಯ ಬಿಲ್ಲು ಏರುತ್ತಾನೆ. ಇಡೀ ಮೈದಾನ ಉಸಿರು ಬಿಗಿಹಿಡಿದು ನಿಲ್ಲುತ್ತದೆ. ಆತ ಒಂದೇ ಒಂದು ಸಾಲು ಕಾರ್ಣಿಕ ನುಡಿದು ಕೆಳಗೆ ಬೀಳುತ್ತಾನೆ. ಆ ಸಾಲು ಯಾವ ಭಾಷೆ? ಕನ್ನಡ! ಮಳೆ ಬೆಳೆ ಹೇಗೆ ಎಂದು ಮೈಲಾರಲಿಂಗ ರೈತನಿಗೆ ಹೇಳುವುದು ರೈತನ ಭಾಷೆಯಲ್ಲಿ. ಕರಾವಳಿಯ ದೈವಗಳು ನುಡಿ ಕೊಡುವುದು ಅಲ್ಲಿನ ಮನೆಮಾತಾದ ತುಳುವಿನಲ್ಲಿ. ದೇವರೇ ಜನರ ಮಾತು ಆಡುವಾಗ, ಜನ ದೇವರ ಮುಂದೆ ತಮ್ಮ ಮಾತು ಆಡಲು ಯಾಕೆ ನಾಚಬೇಕು?

'ಶಬ್ದಕ್ಕೇ ಶಕ್ತಿ' ಎನ್ನುವವರಿಗೆ

ಒಂದು ವಾದ ಇದೆ. ಮಂತ್ರದ ಶಕ್ತಿ ಇರುವುದು ಅರ್ಥದಲ್ಲಲ್ಲ, ಶಬ್ದದಲ್ಲಿ, ಸ್ವರದಲ್ಲಿ. ಅನುವಾದ ಮಾಡಿದರೆ ಅದು ಮಂತ್ರವೇ ಅಲ್ಲ ಎಂದು. ಇದನ್ನು ಹೇಳುವವರು ಕೆಟ್ಟವರಲ್ಲ. ನೂರಾರು ವರ್ಷ ಬಾಯಿಂದ ಬಾಯಿಗೆ ಒಂದಕ್ಷರ ತಪ್ಪದೆ ವೇದ ಉಳಿಸಿಕೊಂಡು ಬಂದವರು. ಆ ಶ್ರಮಕ್ಕೆ ನಾನು ಕೈಮುಗಿಯುತ್ತೇನೆ. ಅಕ್ಷರ ತಪ್ಪದಂತೆ ನೋಡಿಕೊಳ್ಳುವುದು ಎಷ್ಟು ಕಷ್ಟವೆಂದು ಪ್ರೆಸ್ಸಿನವನಿಗೆ ಗೊತ್ತು.

ಆದರೆ ನಾವು ಕೇಳುತ್ತಿರುವುದು ವೇದಮಂತ್ರ ಬದಲಿಸಿ ಎಂದಲ್ಲ. ಮೂಲಮಂತ್ರ ಇರಲಿ. ಅಭಿಷೇಕದ ರುದ್ರ ಇರಲಿ, ಪುರುಷಸೂಕ್ತ ಇರಲಿ. ನಮ್ಮ ಹೆಸರಿನ ಸಂಕಲ್ಪ, ನಮ್ಮ ಬೇಡಿಕೆ, ನಮಗಾಗಿ ಮಾಡುವ ಅರ್ಚನೆ, ಇವುಗಳನ್ನು ಕನ್ನಡದಲ್ಲಿ ಹೇಳಿ ಎಂದು ಕೇಳುತ್ತಿದ್ದೇವೆ. ಅದರಿಂದ ಯಾವ ಆಗಮ ಮುಳುಗುತ್ತದೆ?

ಜನರ ಭಾಷೆ ಗರ್ಭಗುಡಿಯ ಹತ್ತಿರ ಬರಬಾರದು ಎನ್ನುವವರು ಒಮ್ಮೆ ಮೇಲುಕೋಟೆಗೆ ಹೋಗಿ ಬನ್ನಿ. ಚೆಲುವನಾರಾಯಣನ ಸನ್ನಿಧಿಯಲ್ಲಿ ಆಳ್ವಾರರ ದಿವ್ಯಪ್ರಬಂಧ ಹೇಳುತ್ತಾರೆ. ಧನುರ್ಮಾಸದಲ್ಲಿ ಆಂಡಾಳ್‌ ಹಾಡಿದ ತಿರುಪ್ಪಾವೈನ ಮೂವತ್ತು ಪಾಸುರ ಹೇಳುತ್ತಾರೆ. ಅದು ಸಂಸ್ಕೃತವಲ್ಲ, ತಮಿಳು. ವೇದದ ಸಮಕ್ಕೆ ತಮಿಳು ಹಾಡನ್ನು ಇಟ್ಟು, ದ್ರಾವಿಡ ವೇದ ಎಂದು ಹೆಸರಿಟ್ಟು ಗೌರವಿಸಿದವರು ಶ್ರೀವೈಷ್ಣವ ಆಚಾರ್ಯರು. ಅದು ಅವರ ಹಿರಿಮೆ. ನಮಗೆ ಅದರ ಮೇಲೆ ಹೊಟ್ಟೆಕಿಚ್ಚಿಲ್ಲ. ನಮ್ಮ ಪ್ರಶ್ನೆ ಇಷ್ಟೇ: ಕನ್ನಡ ನೆಲದ ಗುಡಿಯಲ್ಲಿ ತಮಿಳಿಗೆ ಜಾಗ ಉಂಟು, ಸಂಸ್ಕೃತಕ್ಕೆ ಜಾಗ ಉಂಟು. ಕನ್ನಡಕ್ಕೆ ಯಾವ ಮೂಲೆ?

ತಮಿಳರನ್ನು ಬೈಯುವುದು ಸುಲಭ, ಅವರಿಂದ ಕಲಿಯುವುದು ಕಷ್ಟ. ತಂಜಾವೂರಿನ ಬೃಹದೀಶ್ವರ ದೇವಸ್ಥಾನದ ಕುಂಭಾಭಿಷೇಕ ಯಾವ ಭಾಷೆಯಲ್ಲಿ ನಡೆಯಬೇಕೆಂಬ ಪ್ರಶ್ನೆ ಮದ್ರಾಸ್ ಹೈಕೋರ್ಟಿಗೆ ಹೋಯಿತು. 2020ರ ಫೆಬ್ರವರಿ 5ರಂದು ಅದು ಸಂಸ್ಕೃತ, ತಮಿಳು ಎರಡರಲ್ಲೂ ನಡೆಯಿತು. ಆಕಾಶ ಕಳಚಿ ಬೀಳಲಿಲ್ಲ. 2021ರ ಆಗಸ್ಟಿನಲ್ಲಿ ಅಲ್ಲಿನ ಸರ್ಕಾರ ಮೊದಲ ಹಂತವಾಗಿ 47 ದೇವಸ್ಥಾನಗಳಲ್ಲಿ ತಮಿಳು ಅರ್ಚನೆ ಶುರುಮಾಡಿತು. ತಮಿಳಿನಲ್ಲಿ ಅರ್ಚನೆ ಮಾಡುವ ಅರ್ಚಕರ ಹೆಸರನ್ನು ಫಲಕದಲ್ಲಿ ಬರೆದು ಹಾಕಿದರು. ಸಂಸ್ಕೃತ ಬೇಕೆಂದವರಿಗೆ ಸಂಸ್ಕೃತ, ತಮಿಳು ಬೇಕೆಂದವರಿಗೆ ತಮಿಳು. ಇದಕ್ಕಿಂತ ನ್ಯಾಯ ಬೇಕೆ?

ನಮ್ಮಲ್ಲೇ ನಡೆದಿಲ್ಲವೇ? ಚಿಕ್ಕಮಗಳೂರಿನ ಹಿರೇಮಗಳೂರಿನಲ್ಲಿ ಕೋದಂಡರಾಮನಿಗೆ ದಶಕಗಳಿಂದ ಕನ್ನಡದಲ್ಲಿ ಪೂಜೆ ನಡೆದಿದೆ. ಮಾಡುತ್ತಾ ಬಂದವರು ಕಣ್ಣನ್ ಅವರು. ನಾಡೆಲ್ಲ ಅವರನ್ನು 'ಕನ್ನಡದ ಪೂಜಾರಿ' ಎಂದೇ ಕರೆಯುತ್ತದೆ. ರಾಮ ಮುನಿಸಿಕೊಂಡಿಲ್ಲ. ಜನ ದೂರ ಹೋಗಿಲ್ಲ, ಕನ್ನಡದ ಪೂಜೆ ಕೇಳಲೆಂದೇ ಹುಡುಕಿಕೊಂಡು ಬಂದಿದ್ದಾರೆ. ಮದುವೆಯಲ್ಲೂ ದಾರಿ ಇದೆ. ಕುವೆಂಪು 'ಮಂತ್ರ ಮಾಂಗಲ್ಯ' ಮಾಡಿಕೊಟ್ಟರು. 1966ರಲ್ಲಿ ಅವರ ಮಗ ತೇಜಸ್ವಿಯವರ ಮದುವೆ ಅದೇ ರೀತಿ ಆಯಿತು. ಗಂಡು ಹೆಣ್ಣು ತಾವು ಏನು ಪ್ರಮಾಣ ಮಾಡುತ್ತಿದ್ದೇವೆ ಎಂದು ತಿಳಿದು ಪ್ರಮಾಣ ಮಾಡಿದರು. ಆದರೆ ಒಬ್ಬ ಕಣ್ಣನ್, ಒಬ್ಬ ಕುವೆಂಪು ಸಾಕೆ? ಆರೂವರೆ ಕೋಟಿ ಜನರ ನಾಡಿಗೆ ಒಂದು ಗುಡಿ ಸಾಕೆ?

ಸಂಸ್ಕೃತ ಬಿಟ್ಟ ಜಾಗಕ್ಕೆ ಕನ್ನಡ ಬಂತೇ?

ಗೆಳೆಯರೇ, ಅಪಾಯ ಬರೀ ಹಳೆಯದಲ್ಲ. ಸಂಸ್ಕೃತ ತೆರವು ಮಾಡಿದ ಕಡೆಗೂ ಕನ್ನಡ ಬರುತ್ತಿಲ್ಲ. ಆ ಜಾಗಕ್ಕೆ ಇಂಗ್ಲಿಷು, ಹಿಂದಿ ಬಂದು ಕೂರುತ್ತಿವೆ.

ಬೆಂಗಳೂರಿನ ಹೊಸ ಬಡಾವಣೆಗಳ ಗುಡಿಗಳನ್ನು ನೋಡಿ. ಸೇವೆಯ ದರಪಟ್ಟಿ ಇಂಗ್ಲಿಷಿನಲ್ಲಿ. ಸಾಲಿನಲ್ಲಿ ನಿಲ್ಲಿ ಎಂಬ ಬೋರ್ಡು ಇಂಗ್ಲಿಷಿನಲ್ಲಿ. ಮೊಬೈಲಿನಲ್ಲಿ ಸೇವೆ ಬುಕ್ ಮಾಡಿದರೆ ಬರುವ ರಸೀದಿ ಇಂಗ್ಲಿಷಿನಲ್ಲಿ. ಸಂಜೆ ಆರತಿಯ ಹೊತ್ತಿಗೆ ಧ್ವನಿವರ್ಧಕದಲ್ಲಿ ಉತ್ತರದ ಹಿಂದಿ ಆರತಿ. ನಮ್ಮ ಅಜ್ಜಿಯರು ಹಾಡುತ್ತಿದ್ದ ಆರತಿ ಹಾಡುಗಳು ಎಲ್ಲಿ ಹೋದವು? ಹಸೆಗೆ ಕರೆಯುವ ಹಾಡು, ತುಳಸಿ ಹಾಡು, ಗೌರಿ ಹಾಡು, ಶನಿವಾರದ ಹಾಡು? ಅವನ್ನು ಬಲ್ಲ ಹೆಂಗಸರು ವರ್ಷವರ್ಷಕ್ಕೂ ಕಡಿಮೆಯಾಗುತ್ತಿದ್ದಾರೆ. ಒಬ್ಬ ಅಜ್ಜಿ ತೀರಿಕೊಂಡರೆ ಒಂದು ಪುಸ್ತಕದಷ್ಟು ಕನ್ನಡ ಮಣ್ಣಾಗುತ್ತದೆ. ಅಚ್ಚಾಗದ ಪುಸ್ತಕ ಅದು.

ನಗರದ ಒಂದು ಅಪಾರ್ಟ್‌ಮೆಂಟಿನವರು ಗಣಪತಿ ಹಬ್ಬದ ಕಾರ್ಡು ಹಾಕಿಸಲು ನಮ್ಮ ಅಂಗಡಿಗೆ ಬಂದಿದ್ದರು. ಒಂದಕ್ಷರ ಕನ್ನಡವಿಲ್ಲ. 'ಮೇಲೆ ಎರಡು ಸಾಲು ಕನ್ನಡ ಹಾಕೋಣ ಸಾರ್, ಕಂಪೋಸಿಂಗಿಗೆ ದುಡ್ಡು ಬೇಡ' ಎಂದೆ. 'ನಮ್ಮಲ್ಲಿ ಎಲ್ಲ ಕಡೆಯವರೂ ಇದ್ದಾರೆ, ಸುಮ್ಮನೆ ಯಾಕೆ ತಕರಾರು' ಎಂದರು. ಹೇಳಿದವರು ಹೊರಗಿನವರೆಂದುಕೊಂಡಿರಾ? ಅಚ್ಚ ಕನ್ನಡದವರು! ಹಬ್ಬಕ್ಕೆ ಬರುವ ಹೊರಗಿನವರಿಗೆ ಬೇಸರವಾದೀತೆಂದು ಮನೆಯ ದೇವರನ್ನೇ ಇಂಗ್ಲಿಷಿನಲ್ಲಿ ಕರೆಯುವ ಜನ ನಾವು. ಇಂಥ ಉದಾರತೆ ಭೂಮಿಯ ಮೇಲೆ ಇನ್ನೆಲ್ಲಿದೆ?

ಇನ್ನು ನಮ್ಮ ಗಲ್ಲಿಯ ಹುಡುಗರ ಗಣಪತಿ. ರಸೀದಿ ಪುಸ್ತಕದ ಮೇಲೆ ಕನ್ನಡ ಬಾವುಟದ ಬಣ್ಣ ಕೇಳಿ ಹಾಕಿಸುತ್ತಾರೆ. ಸಂತೋಷ. ಪೆಂಡಾಲಿನಲ್ಲಿ ಹಾಕುವ ಹಾಡು ಯಾವುದು? ಪೂಜೆಗೆ ಕೂತ ಹುಡುಗನಿಗೆ ತಾನು ಗಣಪತಿಗೆ ಏನು ಹೇಳುತ್ತಿದ್ದೇನೆ ಎಂದು ಗೊತ್ತೇ? ಹಳದಿ ಕೆಂಪು ಶಾಲು ಕುತ್ತಿಗೆಗೆ ಬಂದರೆ ಸಾಲದು ತಮ್ಮಂದಿರೇ, ಕನ್ನಡ ನಾಲಿಗೆಗೆ ಬರಬೇಕು.

ಇದು ಸಂಸ್ಕೃತದ ಮೇಲಿನ ಜಗಳವಲ್ಲ

ಹಾಸನ ಜಿಲ್ಲೆಯ ಹಲ್ಮಿಡಿ ಶಾಸನ ಸುಮಾರು ಕ್ರಿ.ಶ. 450ರದ್ದು. ಶುರುವಿನಲ್ಲಿ ವಿಷ್ಣುವಿನ ಸ್ತುತಿ ಇದೆ, ಅದು ಸಂಸ್ಕೃತದಲ್ಲಿ. ದಾನದ ವಿಷಯ ಬಂದ ಕೂಡಲೇ ಕನ್ನಡ. ಯಾಕೆ? ಜನಕ್ಕೆ ಸಂಬಂಧಪಟ್ಟದ್ದು ಜನಕ್ಕೆ ತಿಳಿಯಬೇಕು ಎಂಬ ವಿವೇಕ ಇದ್ದಿರಬೇಕು ಎಂದೇ ನಾನು ತಿಳಿಯುತ್ತೇನೆ. ಒಂದೂವರೆ ಸಾವಿರ ವರ್ಷಗಳ ಹಿಂದೆ ಕಲ್ಲು ಕೆತ್ತಿದವನಿಗೆ ಇದ್ದ ಆ ವಿವೇಕ ಇವತ್ತು ಕಂಪ್ಯೂಟರಿನಲ್ಲಿ ರಸೀದಿ ಹೊಡೆಯುವ ನಮಗಿಲ್ಲವೇ?

ಗೋಕಾಕ್ ಚಳವಳಿಯ ಮೂಲವೂ ಇದೇ. ಸಂಸ್ಕೃತವನ್ನೇ ಪ್ರಥಮ ಭಾಷೆಯಾಗಿ ತೆಗೆದುಕೊಂಡು, ಕನ್ನಡ ಓದದೆ ಹೈಸ್ಕೂಲು ದಾಟಬಹುದಾಗಿದ್ದ ಕಾಲ ಅದು. 1981ರಲ್ಲಿ ಗೋಕಾಕ್ ಸಮಿತಿ ವರದಿ ಕೊಟ್ಟಿತು. 1982ರಲ್ಲಿ ಡಾ. ರಾಜ್‌ಕುಮಾರ್ ಬೀದಿಗಿಳಿದರು, ನಾಡು ಎದ್ದು ನಿಂತಿತು. ಆಗಲೂ ಯಾರೂ ಸಂಸ್ಕೃತವನ್ನು ಸುಡಿ ಎನ್ನಲಿಲ್ಲ. ಕನ್ನಡದ ಕುರ್ಚಿಯಲ್ಲಿ ಕನ್ನಡವೇ ಕೂರಲಿ ಎಂದರು. ಆ ಹೋರಾಟ ಶಾಲೆಯ ಬಾಗಿಲವರೆಗೆ ಬಂತು. ಗುಡಿಯ ಬಾಗಿಲಿಗೆ ಬರಲಿಲ್ಲ.

ಹಾಗೆಯೇ ಅರ್ಚಕರ ಮೇಲಿನ ಜಗಳವೂ ಅಲ್ಲ. ಬೆಳಗಿನ ಜಾವ ಎದ್ದು ತಣ್ಣೀರು ಸ್ನಾನ ಮಾಡಿ, ಸಣ್ಣ ತಸ್ತೀಕಿಗೆ ಗುಡಿ ಕಾಯುವವರು ಅವರು. ಅವರೂ ಕನ್ನಡಿಗರೇ. ಅವರ ಮನೆಯಲ್ಲೂ ಮಕ್ಕಳ ಫೀಸಿಗೆ ಪರದಾಟವೇ. ಅವರ ಮುಂದೆ ಕೂಗಾಡುವುದು ಹೋರಾಟವಲ್ಲ, ಪುಂಡಾಟ. ಕೇಳಬೇಕಾದ್ದು ಸರ್ಕಾರವನ್ನು, ಆಡಳಿತ ಮಂಡಳಿಗಳನ್ನು, ಮೊದಲು ನಮ್ಮನ್ನು.

ಏನು ಕೇಳಬೇಕು, ಏನು ಮಾಡಬೇಕು?

ಮುಜರಾಯಿ ಇಲಾಖೆಯ ಕೆಳಗೆ ಸುಮಾರು 34 ಸಾವಿರ ದೇವಸ್ಥಾನಗಳಿವೆ. ಅವುಗಳನ್ನು ನಡೆಸಲು 1997ರ ಕಾಯ್ದೆ ಇದೆ. ಈ ರಾಜ್ಯದ ಆಡಳಿತ ಭಾಷೆ ಕನ್ನಡ ಎಂದು 1963ರ ಕಾಯ್ದೆಯೇ ಹೇಳುತ್ತದೆ. ಅಂಗಡಿಯ ನಾಮಫಲಕದಲ್ಲಿ ಶೇಕಡಾ 60 ಕನ್ನಡ ಇರಬೇಕೆಂದು 2024ರಲ್ಲಿ ಕಾನೂನು ತಿದ್ದಿದರು. ಚಪ್ಪಲಿ ಅಂಗಡಿಗೆ ಹೇಳಿದ ಮಾತು ದೇವಸ್ಥಾನಕ್ಕೆ ಬೇಡವೇ? ಆದ್ದರಿಂದ ನಮ್ಮ ಬೇಡಿಕೆ ಇವು:

ಒಂದು, ಮುಜರಾಯಿ ದೇವಸ್ಥಾನಗಳ ದರಪಟ್ಟಿ, ಫಲಕ, ರಸೀದಿ, ಮೊಬೈಲ್ ಬುಕಿಂಗ್ ಎಲ್ಲದರಲ್ಲೂ ಕನ್ನಡ ಮೊದಲು ಇರಬೇಕು.

ಎರಡು, ಅರ್ಚನೆಯ ಚೀಟಿ ಕೊಡುವಾಗಲೇ 'ಕನ್ನಡವೋ, ಸಂಸ್ಕೃತವೋ' ಎಂದು ಕೇಳಬೇಕು. ಬೇಕಾದವರಿಗೆ ಬೇಕಾದ್ದು.

ಮೂರು, ಗೋತ್ರ ಗೊತ್ತಿಲ್ಲದವರಿಗೆ ಊರು, ತಂದೆತಾಯಿಯ ಹೆಸರು ಹೇಳಿ ಸಂಕಲ್ಪ ಮಾಡಿಸಬೇಕು.

ನಾಲ್ಕು, ಆಗಮ ಕಲಿಸುವ ಶಾಲೆಗಳಲ್ಲಿ ಕನ್ನಡ ಸಂಕಲ್ಪ, ಕನ್ನಡ ಅರ್ಚನೆ, ವಚನ, ದಾಸರ ಪದಗಳನ್ನೂ ಕಲಿಸಬೇಕು. ಕನ್ನಡದಲ್ಲಿ ಅರ್ಚನೆ ಮಾಡುವ ಅರ್ಚಕರಿಗೆ ಗೌರವ ಸಿಗಬೇಕು, ಕಿರುಕುಳವಲ್ಲ.

ಇವು ಸರ್ಕಾರಕ್ಕೆ. ಇನ್ನು ನಿಮಗೆ.

ಮುಂದಿನ ಸಲ ಅರ್ಚನೆಗೆ ಹೋದಾಗ ವಿನಯದಿಂದ ಕೇಳಿ: 'ಸ್ವಾಮಿ, ಸಂಕಲ್ಪವನ್ನು ಕನ್ನಡದಲ್ಲಿ ಹೇಳಿ.' ಅಷ್ಟೇ ಸಾಕು. ಒಬ್ಬ ಕೇಳಿದರೆ ನಗುತ್ತಾರೆ. ಹತ್ತು ಜನ ಕೇಳಿದರೆ ಯೋಚಿಸುತ್ತಾರೆ. ನೂರು ಜನ ಕೇಳಿದರೆ ಕಲಿಯುತ್ತಾರೆ. ಗಲ್ಲಿಯ ಗಣಪತಿಗೆ ದಿನಕ್ಕೆ ಒಂದು ಗಂಟೆ ಕನ್ನಡ ದೇವರನಾಮ, ವಚನ, ಜನಪದ ಹಾಡು ಇಡಿ. ನಿಮ್ಮ ಬೀದಿಯ ಅಜ್ಜಿಯನ್ನೇ ಕರೆದು ಮೈಕು ಕೊಡಿ. ಆಕೆ ಹಾಡುವುದನ್ನು ಮೊಬೈಲಿನಲ್ಲಿ ಹಿಡಿದಿಡಿ, ಬರೆದಿಡಿ. ನಿಮ್ಮ ಕೈಯಲ್ಲಿರುವ ಆ ಪೆಟ್ಟಿಗೆ ರೀಲ್ಸ್ ನೋಡಲಿಕ್ಕೆ ಮಾತ್ರ ಬಂದದ್ದಲ್ಲ.

ಹದಿನಾರು ಉಪಚಾರದ ಕನ್ನಡ ಅರ್ಥವನ್ನು, ಒಂದು ಕನ್ನಡ ಸಂಕಲ್ಪವನ್ನು ಒಂದೇ ಹಾಳೆಯಲ್ಲಿ ಅಚ್ಚು ಹಾಕಿ ಪ್ರತಿ ಪೆಂಡಾಲಿನಲ್ಲಿ ಹಂಚಿ. ನಿಮ್ಮ ಬೀದಿಯಲ್ಲೂ ಒಬ್ಬ ಪ್ರೆಸ್ಸಿನವನು ಇರುತ್ತಾನೆ, ಕೇಳಿ ನೋಡಿ. ನನ್ನ ಮಾತು ನಾನು ಹೇಳುತ್ತೇನೆ: ನನ್ನ ಅಂಗಡಿಗೆ ಯಾವ ಹುಡುಗರು ಬಂದು ಇಂಥ ಹಾಳೆ ಹಾಕಿಕೊಡಿ ಎಂದರೂ ಕಾಗದದ ಖರ್ಚು ಅವರದು, ಅಚ್ಚಿನ ಕೂಲಿ ನನ್ನದು.

ದೇವರನ್ನು ನಂಬದವರೂ ನಿಮ್ಮಲ್ಲಿ ಇರುತ್ತೀರಿ. 'ಇದೆಲ್ಲ ಅರ್ಥವಿಲ್ಲದ ಗೊಣಗಾಟ' ಎಂದು ದೂರ ನಿಂತಿದ್ದೀರಿ. ನಂಬುವುದು ಬಿಡುವುದು ನಿಮಗೆ ಬಿಟ್ಟದ್ದು. ಆದರೆ ಅರ್ಥ ತಿಳಿದು ಬಿಡಿ, ಅರ್ಥ ತಿಳಿದು ನಂಬಿ. ತಿಳಿಯದ ಭಾಷೆ ಇಬ್ಬರಿಗೂ ಒಂದೇ ಮೋಸ ಮಾಡುತ್ತಿದೆ. ನಂಬುವವನನ್ನು ಗಿಳಿ ಮಾಡುತ್ತಿದೆ, ನಂಬದವನನ್ನು ಹೊರಗಿನವನನ್ನಾಗಿ ಮಾಡುತ್ತಿದೆ.

ಬ್ಯಾಂಕಿನಲ್ಲಿ ಕನ್ನಡ ಕೇಳುತ್ತೀರಿ. ಬಸ್ಸಿನಲ್ಲಿ, ಮೆಟ್ರೋದಲ್ಲಿ, ಮಾಲಿನಲ್ಲಿ ಕನ್ನಡ ಕೇಳುತ್ತೀರಿ. ಕೇಳಲೇಬೇಕು. ಆದರೆ ಅಲ್ಲೆಲ್ಲ ನಮ್ಮ ವ್ಯವಹಾರ ಇದೆ. ದೇವರ ಮುಂದೆ ನಮ್ಮ ಭಯ ಇದೆ, ಆಸೆ ಇದೆ, ಅಮ್ಮನ ಕಾಯಿಲೆ ಇದೆ, ಸಿಗದ ಕೆಲಸ ಇದೆ, ಹೇಳಿಕೊಳ್ಳಲಾಗದ ದುಃಖ ಇದೆ. ವ್ಯವಹಾರಕ್ಕೆ ಬೇಕಾದ ಭಾಷೆ ಎದೆಯ ಮಾತಿಗೆ ಬೇಡವೇ? ಚಪ್ಪಲಿ ಹೊರಗೆ ಬಿಡಿ, ಅಹಂಕಾರ ಹೊರಗೆ ಬಿಡಿ. ಕನ್ನಡವನ್ನು ಮಾತ್ರ ಕೈಹಿಡಿದು ಒಳಗೆ ಕರೆದುಕೊಂಡು ಹೋಗಿ.

ಸಿರಿಗನ್ನಡಂ ಗೆಲ್ಗೆ!